ಕೊಡಲಿಗೆ ಕಲ್ಲು ಎಲ್ಲಿಂದ ತಂದ್ರು?

ಕೇಳುಗರೆಲ್ಲರಿಗೂ ನಮಸ್ಕಾರ. ಶಿಲಾಯುಗದ ಬಗ್ಗೆ ಒಂದು ಹತ್ತು ನಿಮಿಷ ಮಾತಾಡಿ ಸಾರ್ ಅಂತ ಸ್ಟೇಷನ್‌ನೋರು ಕೇಳಿದ್ರು. ಲಕ್ಷಾಂತರ ವರ್ಷದ ಕತೇನ ಹತ್ತು ನಿಮಿಷದಲ್ಲಿ ಹೇಳೋದು ಆಗಹೋಗೋ ಮಾತಲ್ಲ, ಅದಕ್ಕೇ ಇವತ್ತು ಒಂದೇ ಒಂದು ವಿಷಯ ಹಿಡ್ಕೊಂಡು ಬಂದಿದೀನಿ. ಏನಪ್ಪಾ ಅಂದ್ರೆ, ಆ ಕಾಲದ ಜನ ಕಲ್ಲನ್ನ ಆರಿಸಿ ತರ್ತಿದ್ರು. ಅಷ್ಟೇ. ಕಾಲಿಗೆ ಎಡವಿದ ಕಲ್ಲನ್ನೇ ಎತ್ಕೊಂಡು ಕುಟ್ಟೋಕೆ ಕೂತವರಲ್ಲ ಅವರು.

ಸ್ಕೂಲ್ ಪುಸ್ತಕದ ಚಿತ್ರ ನೆನಪು ಮಾಡ್ಕೊಳ್ಳಿ. ಮೈಗೆ ಚರ್ಮ, ಕೆದರಿದ ಕೂದಲು, ಕೈಯಲ್ಲೊಂದು ಗುಂಡುಕಲ್ಲು, ಮುಖದಲ್ಲಿ ಪೆದ್ದುಕಳೆ. ಆ ಚಿತ್ರ ಬರೆದೋರು ಯಾರೇ ಇರಲಿ, ಒಂದು ದಿನ ಕೂತು ಕಲ್ಲಲ್ಲಿ ಒಂದು ಕೊಡಲಿ ಮಾಡಿ ತೋರಿಸಲಿ ನೋಡೋಣ ಅಂತ ನನಗೆ ಬಹಳ ಸಲ ಅನ್ನಿಸಿದೆ.

ಯಾದಗಿರಿ ಜಿಲ್ಲೆ, ಹುಣಸಗಿ ಕಡೆ ಇಸಾಂಪುರ ಅಂತ ಒಂದು ಊರಿದೆ. ಆ ಕಡೆಯೋರು ಯಾರಾದ್ರೂ ಕೇಳ್ತಾ ಇದ್ರೆ ಸ್ವಲ್ಪ ಹೆಮ್ಮೆ ಪಡಿ, ಯಾಕಂದ್ರೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೇಲಿ ಅಲ್ಲಿ ಅಗೆದಾಗ ಸಿಕ್ಕಿದ್ದು ಒಂದು ಕಲ್ಲಿನ ಕ್ವಾರಿ, ಆದಿಮಾನವರ ಕ್ವಾರಿ. ಅಲ್ಲಿ ಸಿಕ್ಕ ಪ್ರಾಣಿ ಹಲ್ಲು ಪರೀಕ್ಷೆ ಮಾಡಿ ಹಾಕಿರೋ ಲೆಕ್ಕ ಸುಮಾರು 12 ಲಕ್ಷ ವರ್ಷ. ಹನ್ನೆರಡು ಸಾವಿರ ಅಲ್ಲ ಸ್ವಾಮಿ, ಹನ್ನೆರಡು ಲಕ್ಷ! ನಿಮ್ಮ ಮನೆ ನೆಲಕ್ಕೆ ಹಾಸಿರ್ತೀರಲ್ಲ ಶಹಾಬಾದ್ ಫರ್ಸಿ ಕಲ್ಲು, ಹೆಚ್ಚುಕಮ್ಮಿ ಅದೇ ಬಳಗದ ಸುಣ್ಣಕಲ್ಲು ಅದು, ಆದ್ರೆ ಮರಳಲ್ಲಿರೋ ಸಿಲಿಕಾ ಅನ್ನೋ ಖನಿಜ ಸೇರ್ಕೊಂಡು ಗಟ್ಟಿಯಾಗಿರೋದು. ಪದರ ಪದರವಾಗಿ ಹಲಗೆ ಥರ ಎದ್ದು ಬರುತ್ತೆ. ಅವರ ತಲೆ ನೋಡಿ, ಕೈಗೊಡಲಿಗೆ, ಅಂದ್ರೆ ಕಾವಿಲ್ಲದೆ ಕೈಯಲ್ಲೇ ಹಿಡಿಯೋ ಕೊಡಲಿಗೆ, ಎಷ್ಟು ದಪ್ಪ ಬೇಕೋ ಹೆಚ್ಚುಕಡಿಮೆ ಅಷ್ಟೇ ದಪ್ಪದ ಹಲಗೆ ಆರಿಸ್ಕೊಂಡ್ರೆ ಅರ್ಧ ಕೆಲಸ ಭೂಮಿನೇ ಮಾಡಿ ಕೊಟ್ಟಿರುತ್ತೆ, ಉಳಿದಿದ್ದು ಅಂಚು ಕೆತ್ತೋದು. ಕೆತ್ತೋಕೆ ಸುತ್ತಿಗೆ ಬೇಕಲ್ಲ? ಅದಕ್ಕೆ ಬೇರೆ ಜಾತಿ ಕಲ್ಲು, ಬಸಾಲ್ಟು, ಕ್ವಾರ್ಟ್ಜೈಟು, ಈ ಥರದ ಗಟ್ಟಿ ಗುಂಡುಗಳು. ಹೊಡೆಸ್ಕೊಳ್ಳೋದಕ್ಕೆ ಒಂದು ಕಲ್ಲು, ಹೊಡೆಯೋದಕ್ಕೆ ಇನ್ನೊಂದು. ಆರಿಸಿದ್ರು ಅಂತ ನಾನು ಸುಮ್ನೆ ಹೇಳ್ತಿಲ್ಲ.

ಈಗ ಬಳ್ಳಾರಿಗೆ ಬನ್ನಿ. ಬಳ್ಳಾರಿ ಪಕ್ಕದಲ್ಲೇ ಸಂಗನಕಲ್ಲು, ಕುಪ್ಪಗಲ್ಲು, ಅಲ್ಲಿ ಹಿರೇಗುಡ್ಡ. ಇದು ಬಹಳ ಈಚಿನದು, ನವಶಿಲಾಯುಗ, ಅಂದ್ರೆ ಶಿಲಾಯುಗದ ಕೊನೇ ಘಟ್ಟ. ದನ ಸಾಕಿ, ರಾಗಿ ಅಲ್ಲ, ಕೊರಲೆ ಥರದ ಕಿರುಧಾನ್ಯ, ಹುರುಳಿ ಬೆಳೆದು ಬದುಕ್ತಿದ್ದ ಜನ. ಗುಡ್ಡ ಪೂರ್ತಿ ಗ್ರಾನೈಟ್ ಬಂಡೆ, ಅದರ ಮಧ್ಯೆ ಹಾದು ಹೋಗುತ್ತೆ ಒಂದು ಕಪ್ಪು ಪಟ್ಟಿ. ಒಂದಾನೊಂದು ಕಾಲದಲ್ಲಿ ಗ್ರಾನೈಟ್ ಬಿರುಕಿನೊಳಗೆ ಕೆಳಗಿಂದ ಕರಗಿದ ಕಲ್ಲು ನುಗ್ಗಿ ಬಂದು ಗಟ್ಟಿಯಾಗಿದ್ದು. ಅದಕ್ಕೆ ಡೊಲೆರೈಟ್ ಅಂತಾರೆ, ನೀವು ಕರಿಕಲ್ಲು ಅನ್ನಿ ಸಾಕು. ಇಡೀ ಗುಡ್ಡದಲ್ಲಿ ಕೊಡಲಿಗೆ ಬೇಕಾದ ಕಲ್ಲು ಅಂದ್ರೆ ಅದೊಂದೇ ಪಟ್ಟಿ. ಜನ ಅಲ್ಲಿಗೇ ಹೋದ್ರು, ಸುಮಾರು 3,400 ವರ್ಷದ ಹಿಂದೆ ಅಲ್ಲಿ ಕೊಡಲಿ ಮಾಡೋ ಕೆಲಸ ಎಷ್ಟು ಜೋರಾಗಿತ್ತು ಅಂದ್ರೆ ಇವತ್ತಿಗೂ ಚಕ್ಕೆ ರಾಶಿ ಬಿದ್ದಿದೆ, ಕಾಲಿಟ್ಟಲ್ಲೆಲ್ಲ ಕರಕರ ಅನ್ನುತ್ತೆ.

ಒಂದ್ಸಲ ನಾನು ಪಾಠ ಮಾಡೋ ಹುಡುಗರನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಜೊತೆಗೆ ಅದೇ ಸೀಮೆಯ ಒಬ್ಬ ಹಿರಿಯ ಕಲ್ಲುಕುಟಿಗರನ್ನ ಬರೋಕೆ ಹೇಳಿದ್ದೆ, ಚಿಕ್ಕ ಹುಡುಗ ಆಗಿದ್ದಾಗಿಂದ ಕಲ್ಲು ಒಡೆದ ಕೈ. ಹುಡುಗರಿಗೆ ನಾನು ಹೇಳಿದ್ದು, ಕೊಡಲಿ ಮಾಡೋಕೆ ಒಳ್ಳೇ ಕಲ್ಲು ಹುಡುಕಿ ತನ್ನಿ ಅಂತ ಅಷ್ಟೇ. ಓಡಿದ್ರು. ಕಾಲು ಗಂಟೇಲಿ ಕೈತುಂಬ ಕಲ್ಲು ತಂದು ಯಜಮಾನ್ರ ಮುಂದೆ ಸುರಿದ್ರು. ಇವರು ಅಲ್ಲೀವರೆಗೂ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ತಾ ಇದ್ರು, ಅವಸರ ಅನ್ನೋದೇ ಇಲ್ಲ. ಎಲೆ ಬಾಯಿಗೆ ಹಾಕ್ಕೊಂಡು, ಸಣ್ಣ ಸುತ್ತಿಗೆ ತಗೊಂಡು, ಸಂತೇಲಿ ಮಡಿಕೆ ತಟ್ಟಿ ನೋಡ್ತಾರಲ್ಲ ಹಂಗೆ ಒಂದೊಂದನ್ನೂ ತಟ್ಟಿದ್ರು. ದಬ್. ಪಕ್ಕಕ್ಕೆ. ದಬ್. ಪಕ್ಕಕ್ಕೆ. "ಇದರೊಳಗ ಬಿರುಕು ಐತ್ರಿ. ಇದು ಮಳಿ ಬಿಸಲಿಗೆ ಸತ್ತೈತಿ. ಇದಂತೂ ಬ್ಯಾಡ ಬಿಡ್ರಿ" ಅಂತ ಪೂರ್ತಿ ರಾಶಿ ಖಾಲಿ ಮಾಡಿಬಿಟ್ರು! ಒಬ್ಬ ಹುಡುಗಂಗೆ ಬೇಜಾರಾಯ್ತು, ಅವನು ತಂದಿದ್ದು ಒಳ್ಳೇ ಗುಲಾಬಿ ಬಣ್ಣದ ಗ್ರಾನೈಟು, ನೋಡೋಕೆ ಚೆಂದ, ಇದ್ಯಾಕೆ ಆಗಲ್ಲ ಅಜ್ಜ ಅಂದ. ಅಜ್ಜ ಬಾಯಲ್ಲಿ ಹೇಳ್ಲಿಲ್ಲ. ಅಂಚಿಗೆ ಒಂದು ಏಟು ಕೊಟ್ರು, ಕಾಳುಕಾಳಾಗಿ ಉದುರ್ತು. ಗ್ರಾನೈಟಲ್ಲಿ ಹರಳು ದಪ್ಪ, ಏಟು ಬಿದ್ರೆ ಹರಳಿಂದ ಹರಳಿಗೆ ಬಿಟ್ಕೊಳ್ಳುತ್ತೆ, ಅಂಚು ನಿಲ್ಲಲ್ಲ.

ಆಮೇಲೆ ಅವರೇ ಎದ್ದು ಆ ಕಪ್ಪು ಪಟ್ಟಿ ಗುಂಟ ನಡೆದ್ರು. ತಟ್ತಾ, ಕೇಳ್ತಾ, ಮುಂದೆ ಹೋಗ್ತಾ. ಒಂದು ಕಡೆ ಟಣ್ ಅಂತು. ಹೊರಗೆ ಕಂದು ಬಣ್ಣದ ತೊಗಟೆ, ಒಂದು ಚಕ್ಕೆ ಎಬ್ಬಿಸಿದ್ರೆ ಒಳಗೆ ಹಸಿರುಗಪ್ಪು, ನುಣ್ಣಗೆ, ಅಂಚಲ್ಲಿ ಬೆರಳಿಟ್ರೆ ಕುಯ್ಯೋ ಹಂಗೆ. ಕೆಲಸಕ್ಕೆ ಅಂತ ಕೆಳಗೆ ಕೂರೋಕೆ ಹೋದೋರು ಹಂಗೇ ನಿಂತ್ಬಿಟ್ರು, ನೆಲದಿಂದ ಒಂದು ಹಳೇ ಚಕ್ಕೆ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. "ಸಾರ, ಇದು ತಾನಾಗಿ ಒಡದದ್ದಲ್ರಿ. ಪೆಟ್ಟು ಬಿದ್ದೈತಿ, ಇಲ್ಲಿ ನೋಡ್ರಿ ಉಬ್ಬು. ನನಗಿಂತ ಮೊದಲ ಯಾರೋ ಇಲ್ಲೇ ಕುಂತು ಕೆಲಸ ಮಾಡ್ಯಾರ." ಏಟು ಬಿದ್ದ ಜಾಗದ ಕೆಳಗೆ ಚಕ್ಕೆ ಮೇಲೆ ಸಣ್ಣದಾಗಿ ಉಬ್ಬಿರುತ್ತೆ, ಅದನ್ನ ಗುರುತು ಹಿಡಿಯೋಕೆ ನಾವು ಎಂ.ಎ. ಹುಡುಗರಿಗೆ ಒಂದು ಟರ್ಮ್ ಪಾಠ ಮಾಡ್ತೀವಿ. ಅಜ್ಜನಿಗೆ ನಾನು ಆ ಜಾಗದ ವಿಷಯ ಏನೂ ಹೇಳಿರ್ಲಿಲ್ಲ. ಕಲ್ಲಿನ ಸದ್ದು ಕೇಳ್ಕೊಂಡು ಹೋದ ಮನುಷ್ಯ ಸೀದಾ ಹೋಗಿ ನಿಂತಿದ್ದು ಮೂರು ಸಾವಿರ ವರ್ಷ ಹಿಂದಿನೋರ ಚಕ್ಕೆ ರಾಶಿ ಪಕ್ಕದಲ್ಲಿ! ಆರಿಸೋದು ಅಂದ್ರೆ ಇದು. ಅವರಿಗೂ ಇದೇ ಕಿವಿ ಇತ್ತು.

ಇನ್ನೊಂದು ತಮಾಷೆ. ಕೊಡಲಿಗೆ ಬೇಡ ಅಂತ ಬಿಸಾಕಿದ ಗ್ರಾನೈಟ್ ಇದೆಯಲ್ಲ, ಅದೇ ಮುಂದೆ ಬೇಕಾಯ್ತು. ಕರಿಕಲ್ಲನ್ನ ಕೆತ್ತಿ, ಕುಟ್ಟಿ ಸಮ ಮಾಡಿ, ಆಮೇಲೆ ಉಜ್ಜಿ ಬಾಯಿ ನುಣುಪು ಮಾಡ್ಬೇಕು. ಉಜ್ಜೋಕೆ ತರಿತರಿ ಕಲ್ಲೇ ಆಗ್ಬೇಕು. ಬಂಡೆಗಳ ಮೇಲೆ ಉದ್ದುದ್ದ ತಗ್ಗು ಬಿದ್ದಿರೋದನ್ನ ಈಗಲೂ ನೋಡ್ಬೋದು, ಕೊಡಲಿ ಉಜ್ಜಿ ಉಜ್ಜಿ ಆಗಿದ್ದು. ಕಾಳು ಬೀಸೋ ಕಲ್ಲೂ ಗ್ರಾನೈಟೇ. ಯಾವ ಕೆಲಸಕ್ಕೆ ಯಾವ ಕಲ್ಲು ಅನ್ನೋದು ಅವರಿಗೆ ಕರೆಕ್ಟಾಗಿ ಗೊತ್ತಿತ್ತು.

ಗಾಜಿನ ಆಚೆಯಿಂದ ಕೈ ತೋರಿಸ್ತಾ ಇದಾರೆ, ಟೈಮ್ ಆಯ್ತಂತೆ. ಬೇಗ ಬೇಗ ಹೇಳ್ಬಿಡ್ತೀನಿ. ಚಾಕು ಥರದ ಸಣ್ಣ ಅಲಗಿಗೆ ಈ ಕರಿಕಲ್ಲು ಆಗಲ್ಲ, ಅದಕ್ಕೆ ಚರ್ಟ್ ಅಂತ ಬೇರೆ ಕಲ್ಲು, ಗಾಜಿನ ಥರ ಒಡೆಯುತ್ತೆ. ಅದು ಹಿರೇಗುಡ್ಡದ ಗ್ರಾನೈಟ್ ಮಧ್ಯೆ ಸಿಗಲ್ಲ, ಹೊರಗಿಂದಲೇ ಬರಬೇಕು, ಅಂದ್ರೆ ಒಂದೋ ನಡೆದು ಹೋಗಿ ತಂದ್ರು, ಇಲ್ಲ ಏನೋ ಕೊಟ್ಟು ತಗೊಂಡ್ರು. ಮಲಪ್ರಭೆ ದಂಡೇಲಿ ಖ್ಯಾಡ ಅನ್ನೋ ಊರಿನ ಕಡೆ ಹೋದ್ರೆ ಕ್ವಾರ್ಟ್ಜೈಟ್ ಕೈಗೊಡಲಿ, ಯಾಕಂದ್ರೆ ಅಲ್ಲಿ ಅದು ಬೇಕಾದಷ್ಟಿದೆ. ಲಿಂಗಸುಗೂರಲ್ಲಿ 1842ರಲ್ಲೇ ಪ್ರಿಮ್‌ರೋಸ್ ಅನ್ನೋ ಡಾಕ್ಟರ್ ಕಲ್ಲಿನ ಆಯುಧ ಗುರುತಿಸಿದ್ದ, ಆಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಂದ್ರು, ಬಳ್ಳಾರೀಲಿ ಅವರ ಹೆಸರಲ್ಲೇ ಮ್ಯೂಸಿಯಂ ಇದೆ, ಅವರ ಬಗ್ಗೆನೇ ಇನ್ನೊಂದು ದಿನ ಬೇಕು, ಬಿಡಿ.

ರೈತರಿಗೆ ಒಂದು ಮಾತು. ಉಳುವಾಗ ನುಣ್ಣಗಿರೋ, ಒಂದು ಕಡೆ ಬಾಯಿ ಚೂಪಾಗಿರೋ ಕರಿಕಲ್ಲು ಸಿಕ್ರೆ, ಕಟ್ಟೆ ಮೇಲೆ ಇಟ್ಟು ಕುಂಕುಮ ಹಚ್ಚೋದು ನಿಮಗೆ ಬಿಟ್ಟಿದ್ದು, ಆದ್ರೆ ಯಾವ ಹೊಲ, ಯಾವ ಮೂಲೆ ಅಂತ ಮೊದ್ಲು ಒಂದು ಚೀಟೀಲಿ ಬರ್ಕೊಳ್ಳಿ, ಮ್ಯೂಸಿಯಂಗೋ ಹತ್ತಿರದ ಕಾಲೇಜಿನ ಹಿಸ್ಟರಿ ಮೇಷ್ಟ್ರಿಗೋ ತಿಳಿಸಿ. ಸಿಕ್ಕ ಜಾಗ ಗೊತ್ತಿದ್ರೆ ಆ ಕಲ್ಲು ಎಷ್ಟು ದೂರದಿಂದ ಬಂತು ಅಂತ ನಾವು ಹುಡುಕ್ಬೋದು. ಗುಡ್ಡದ ಬುಡದಲ್ಲಿ ಜೆಸಿಬಿ ಸದ್ದು ಕೇಳಿದ್ರೂ ಸುಮ್ನಿರಬೇಡಿ, ಅದನ್ನೂ ತಿಳಿಸಿ. ನಮಸ್ಕಾರ.