ಕಮಟು ಹಿಡಿದ ಪೆಟ್ರೋಲ್

ಸಕಲೇಶಪುರದ ಹತ್ತಿರ ನಮ್ಮ ತೋಟ ಇದು. ಮಳೆ ಬಿಟ್ಟು ನಾಲ್ಕು ದಿನ ಆಯ್ತು, ಕಳೆ ಮಂಡಿಮಟ್ಟ ಬಂದಿದೆ. ಕಳೆ ಹೊಡೆಯೋ ಮಷಿನ್ ಮಾತ್ರ ಸ್ಟಾರ್ಟ್ ಆಗ್ತಿಲ್ಲ. ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯ್ತು ಮಾರಾಯ್ರೆ. ತಪ್ಪು ಮಷಿನ್‌ದಲ್ಲ, ನಂದೇ. ಮೇ ತಿಂಗಳಲ್ಲಿ ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಹಂಗೇ ಬಿಟ್ಟು ಶೆಡ್ಡಿನ ಮೂಲೆಗೆ ಒರಗಿಸಿದ್ದೆ.

ಕಾರ್ಬುರೇಟರ್ ಬಿಚ್ಚಿದೀನಿ, ಹತ್ತಿರದಿಂದ ನೋಡಿ. ಪೆಟ್ರೋಲ್ ಹಾದು ಹೋಗೋ ಈ ಜೆಟ್ಟಿನ ತೂತು ಕೂದಲು ಹೋಗೋಷ್ಟೇ ಇರೋದು. ಅದರ ಬಾಯಿಗೆ ಜೋನಿಬೆಲ್ಲ ಒಣಗಿದ ಹಾಗೆ ಕಂದು ಅಂಟು ಕೂತಿದೆ. ಉಗುರಲ್ಲಿ ಕೆರೆದರೂ ಬರಲ್ಲ. ಟ್ಯಾಂಕ್ ಮೂಸಿದರೆ ಪೆಟ್ರೋಲಿನ ಘಾಟೇ ಇಲ್ಲ, ಹುಳಿಹುಳಿ ವಾಸನೆ. ಅಜ್ಜಿ ದೂರದಿಂದಲೇ, "ಕಮಟು ಹಿಡಿದಿದೆ ಕಣೋ, ಹಳೇ ಕಡ್ಲೆಕಾಯಿ ಎಣ್ಣೆ ಹಂಗೆ" ಅಂದ್ರು.

ನಗಬೇಡಿ, ಅಜ್ಜಿ ಹೇಳಿದ್ದು ಕೆಮಿಸ್ಟ್ರಿನೇ. ಎರಡರಲ್ಲೂ ನಡೆಯೋದು ಆಕ್ಸಿಡೇಶನ್. ಪೆಟ್ರೋಲಲ್ಲಿ ಒಲೆಫಿನ್ ಅನ್ನೋ ಜಾತಿಯ ಅಣುಗಳಿವೆ, ಅವುಗಳ ಜೋಡಿ ಬಂಧದ ಅಕ್ಕಪಕ್ಕ ಗಾಳಿಯ ಆಮ್ಲಜನಕ ಬಂದು ಕೂರುತ್ತೆ. ಪೆರಾಕ್ಸೈಡ್ ಆಗುತ್ತೆ, ಅದು ಒಡೆದು ಪಕ್ಕದ ಅಣುವನ್ನೂ ಕೆಡಿಸುತ್ತೆ, ಅದು ಇನ್ನೊಂದನ್ನ. ಕೊನೆಗೆ ಕೆಟ್ಟವೆಲ್ಲ ಒಂದಕ್ಕೊಂದು ಅಂಟಿಕೊಂಡು ಗಮ್, ಅಂದ್ರೆ ಜೆಟ್ಟಿನ ಬಾಯಲ್ಲಿ ಕಂಡ ಆ ಕಂದು ಅಂಟು. ಇದರ ಮೇಲೆ ಈಗಿನ ಪೆಟ್ರೋಲಲ್ಲಿರೋ ಎಥನಾಲ್ ನೀರು ಬೇರೆ ಹೀರುತ್ತೆ, ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ.

ಇದೇ ಕಾಟ ಹೊಂಗೆ ಬಯೋಡೀಸೆಲ್‌ಗೆ ಇನ್ನೂ ಜಾಸ್ತಿ. ಹಾಸನದಿಂದ ಬೆಂಗಳೂರು ಕಡೆ ಹೋಗ್ತಾ ಮಡೆನೂರು ಸಿಗುತ್ತೆ, ಅಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಯೋಫ್ಯೂಯಲ್ ಪಾರ್ಕ್ ಇದೆ. ಹೊಂಗೆ ಬೀಜದಿಂದ ಎಣ್ಣೆ ತೆಗೆದರೆ ಮುಗೀಲಿಲ್ಲ, ಡೀಸೆಲ್ ಮಾಡಿ ಇಟ್ಟಮೇಲೆ ಎಷ್ಟು ದಿನ ತಡೆಯುತ್ತೆ ಅನ್ನೋದೇ ಪ್ರಶ್ನೆ. ಅದನ್ನ ಅಳೆಯೋ ರೀತಿ ನಂಗೆ ಭಾರಿ ಇಷ್ಟ. ಬಯೋಡೀಸೆಲನ್ನ 110 ಡಿಗ್ರಿಗೆ ಕಾಯಿಸಿ ಒಂದೇ ಸಮ ಗಾಳಿ ಊದ್ತಾರೆ. ಕೆಡೋಕೆ ಶುರುವಾದ ಕೂಡಲೇ ಹುಳಿ ಆವಿ ಹೊರಟು ಪಕ್ಕದ ಶುದ್ಧ ನೀರಿಗೆ ಸೇರುತ್ತೆ, ನೀರಲ್ಲಿ ಕರೆಂಟ್ ಹರಿಯೋದು ದಿಢೀರನೆ ಏರುತ್ತೆ. ಅಲ್ಲಿವರೆಗೆ ಎಷ್ಟು ಗಂಟೆ ತಡೀತು ಅನ್ನೋದೇ ಮಾರ್ಕು. ಯುರೋಪಿನಲ್ಲಿ ಪಾಸಾಗೋಕೆ 8 ಗಂಟೆ ಬೇಕು. ಏನೂ ಬೆರೆಸದ ಹೊಂಗೆ ಡೀಸೆಲ್ ಸಾಮಾನ್ಯವಾಗಿ ಅಷ್ಟು ತಾಳಲ್ಲ.

ಅದಕ್ಕೇ ಆಂಟಿಆಕ್ಸಿಡೆಂಟ್ ಬೆರೆಸೋದು. ಅದು ತನ್ನ ಹೈಡ್ರೋಜನ್ ಕೊಟ್ಟು ಕೆಡೋ ಸರಪಳಿಯನ್ನ ಅಲ್ಲೇ ತುಂಡು ಮಾಡುತ್ತೆ, ತಾನು ಖರ್ಚಾಗುತ್ತೆ. ಬಯೋಡೀಸೆಲ್‌ಗೆ ಚೆನ್ನಾಗಿ ಒಗ್ಗೋದು ಪೈರೊಗ್ಯಾಲಾಲ್. ಅದನ್ನ ಮಾಡೋದು ಗ್ಯಾಲಿಕ್ ಆಮ್ಲದಿಂದ. ನಮ್ಮ ಅಳಲೆಕಾಯಿ, ನೆಲ್ಲಿಕಾಯಿಯ ಒಗರಿನಲ್ಲಿ ಇರೋದೂ ಆ ಆಮ್ಲದ ಮನೆತನವೇ!

ನಾನೂ ಪೆಟ್ರೋಲಿಗೆ ಹಾಕೋ ಔಷಧದ ಒಂದು ಬಾಟಲಿ ತಂದಿದ್ದೆ, 'ಹಾಕಿ, ಎಲ್ಲ ಸರಿಹೋಗುತ್ತೆ' ಅಂತ ಅಂಗಡಿಯಲ್ಲಿ ಕೊಟ್ರು. ಸರಿಹೋಗಲಿಲ್ಲ. ಓದಿ ನೋಡಿದರೆ ಪೆಟ್ರೋಲ್ ಕೆಡದ ಹಾಗೆ ಕಾಯೋ ಔಷಧ ಅದು, ಹೊಸ ಪೆಟ್ರೋಲಿಗೆ ಹಾಕಬೇಕಿತ್ತು. ಗಟ್ಟಿಯಾದ ಗಮ್‌ನ ಅದು ಕರಗಿಸಲ್ಲ. ಒಡೆದ ಹಾಲಿಗೆ ಫ್ರಿಜ್ಜು ತೋರಿಸಿದ ಹಾಗಾಯ್ತು ನನ್ನ ಕಥೆ.

ಸರಿ, ಕ್ಲೀನರ್ ಸ್ಪ್ರೇ ಹೊಡೆದು, ತೂತಿಗೆ ಸಣ್ಣ ತಂತಿ ಆಡಿಸಿದ್ದಾಯ್ತು. ಹೊಸ ಪೆಟ್ರೋಲು, ಅದಕ್ಕೆ ಅಳತೆ ಟೂಟಿ (2T) ಆಯಿಲ್, ಅಂದ್ರೆ ಟೂ-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಲ್ಲೇ ಬೆರೆಸೋ ಎಣ್ಣೆ. ಎಳೀತೀನಿ. ಮೂರನೇದಕ್ಕೆ ಕೆಮ್ಮಿತು... ಐದಕ್ಕೆ ಹತ್ತಿಕೊಳ್ತು! ಇನ್ನು ಈ ಸದ್ದಲ್ಲಿ ನಾನು ಮಾತಾಡೋದು ನಿಮಗೆ ಕೇಳಲ್ಲ, ಕ್ಯಾಮೆರಾ ಆಫ್ ಮಾಡ್ತೀನಿ.