ಸರ್ವರ್ ತನ್ನ ಹೆಸರು ಸರಿಯಾಗಿ ಹೇಳಲಿ

ನಿಮ್ಮಲ್ಲಿ ಎಷ್ಟು ಜನರ ಸರ್ವರ್‌ಗೆ ಈಗಲೂ ಆಪರೇಟಿಂಗ್ ಸಿಸ್ಟಮ್‌ನ ಹೆಸರೇ, ‘ಉಬುಂಟು’ ಅಂತಲೇ ಇದೆ? ಕೈ ಎತ್ತಿ. ಪರವಾಗಿಲ್ಲ, ನನ್ನದೂ ಬಹಳ ದಿನ ಹಾಗೇ ಇತ್ತು. ವೆಬ್‌ಸೈಟ್ ಓಡುತ್ತಿದೆ, ಹೆಸರನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಮೇಲ್ ಕಳಿಸಲು ಹೊರಟ ದಿನ ಕೇಳಿದರು.

ನಿಮ್ಮ ಸರ್ವರ್ ಎದುರಿನ ಸರ್ವರ್‌ನ 25ನೇ ಪೋರ್ಟ್ ತಟ್ಟಿ ಮೊದಲು ಹೇಳುವುದೇ ‘ಇಎಚ್‌ಎಲ್‌ಒ’, ಅಂದರೆ ನಮಸ್ಕಾರ, ನಾನು ಇಂಥವನು ಅಂತ. ಅಲ್ಲಿ ‘ಉಬುಂಟು’ ಅಂದರೆ ಯಾವ ಉಬುಂಟು? ‘ಲೋಕಲ್‌ಹೋಸ್ಟ್’ ಅಂದರೆ ಇನ್ನೂ ಚೆಂದ, ಮದುವೆ ಮನೆ ಬಾಗಿಲಲ್ಲಿ ‘ಯಾರಪ್ಪಾ ನೀನು’ ಅಂದರೆ ‘ನಾನು ನಾನೇ’ ಅಂದ ಹಾಗೆ. ಹೇಳಬೇಕಾದ್ದು ಪೂರ್ತಿ ಹೆಸರು, ಮೇಲ್.ಎಕ್ಸಾಂಪಲ್.ಕಾಮ್ ಥರದ್ದು. ಹೋಸ್ಟ್‌ನೇಮ್‌ಸಿಟಿಎಲ್ ಕಮಾಂಡ್‌ನಲ್ಲಿ ಹೆಸರಿಡಿ, ಹೋಸ್ಟ್ಸ್ ಫೈಲ್‌ನಲ್ಲಿ ಪೂರ್ತಿ ಹೆಸರು ಮೊದಲು, ಗಿಡ್ಡ ಹೆಸರು ಆಮೇಲೆ. ಮೇಲ್ ಕಳಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ ಸೆಟ್ಟಿಂಗ್‌ನಲ್ಲೂ ಅದೇ ಇರಲಿ.

ಅಷ್ಟೇ ಸಾಲದು. ಎದುರಿನವನು ನಿಮ್ಮ ಐಪಿ ವಿಳಾಸ ಹಿಡಿದು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರಿಗೂ ಐಪಿಗೂ ಗಂಟು ಹಾಕುವ ಪಟ್ಟಿಯಲ್ಲಿ, ಉಲ್ಟಾ ಹುಡುಕುತ್ತಾನೆ, ಸಿಕ್ಕ ಹೆಸರು ಮತ್ತೆ ಅದೇ ಐಪಿಗೆ ಬರುತ್ತದಾ ಅಂತ ನೋಡುತ್ತಾನೆ. ಈ ಉಲ್ಟಾ ದಾಖಲೆಯೇ ಪಿಟಿಆರ್. ಡೊಮೈನ್ ಕೊಂಡ ಕಡೆ ಇದನ್ನು ಹುಡುಕಿ ಹುಡುಕಿ ನಾನು ಒಂದು ಸಂಜೆ ಕಳೆದೆ. ಅಲ್ಲಿರುವುದಿಲ್ಲ ಅದು. ಐಪಿ ಯಾರದೋ ಅವರ ಹತ್ತಿರ, ಅಂದರೆ ಸರ್ವರ್ ಬಾಡಿಗೆಗೆ ಕೊಟ್ಟವರ ಹತ್ತಿರ ಹಾಕಿಸಬೇಕು. ಜಿಮೇಲ್ ಅಂತೂ 2024ರ ಫೆಬ್ರವರಿಯಿಂದ ಎಲ್ಲರಿಂದಲೂ ಇದನ್ನು ಕೇಳುತ್ತದೆ, ಜೊತೆಗೆ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಎಂಬ ಪಟ್ಟಿ) ಇಲ್ಲವೇ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ). ದಿನಕ್ಕೆ 5000 ಮೇಲ್ ದಾಟಿದರೆ ಅವೆರಡೂ ಬೇಕು, ಆ ಪರೀಕ್ಷೆಯಲ್ಲಿ ಫೇಲಾದ ಮೇಲ್ ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ಕೂಡ.

ಈಗ ನನ್ನ ಎಡವಟ್ಟಿನ ಕಥೆ. ಒಂದು ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅವರ ಮೇಲ್ ಬೇರೆ ಕಡೆ ಇತ್ತು, ಸೈಟ್ ಮಾತ್ರ ನಮ್ಮ ಸರ್ವರ್‌ನಲ್ಲಿ. ಗ್ರಾಹಕರಿಗೆಲ್ಲ ರಸೀದಿ ಹೋಗುತ್ತಿದೆ, ಮಾಲೀಕರಿಗೆ ಮಾತ್ರ ಒಂದೂ ಇಲ್ಲ. ‘ಏನ್ ಸಾರ್, ನನ್ನ ಅಂಗಡಿ ಆರ್ಡರ್ ನನಗೇ ಗೊತ್ತಾಗಲ್ವಲ್ಲ’ ಅಂತ ಫೋನ್. ಲಾಗ್ ತೆಗೆದರೆ ‘ಸೆಂಟ್’ ಅಂತಲೇ ಇದೆ! ಕಣ್ಣಿಟ್ಟು ನೋಡಿದಾಗ ಅದರ ಪಕ್ಕ ‘ಡೆಲಿವರ್ಡ್ ಟು ಮೇಲ್‌ಬಾಕ್ಸ್’ ಅಂತಿತ್ತು. ಯಾವ ಮೇಲ್‌ಬಾಕ್ಸ್? ನಮ್ಮದೇ. ಪೋಸ್ಟ್‌ಫಿಕ್ಸ್‌ನ ಮೈಡೆಸ್ಟಿನೇಶನ್ ಸಾಲಿಗೆ ಅವರ ಡೊಮೈನ್ ಸೇರಿಸಿದ್ದವನು ನಾನೇ. ಹಾಗೆ ಸೇರಿಸಿದರೆ ಆ ಡೊಮೈನಿನ ಮೇಲ್ ಎಲ್ಲ ತನ್ನದೇ ಅಂತ ಪೋಸ್ಟ್‌ಫಿಕ್ಸ್ ತಿಳಿಯುತ್ತದೆ, ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ದಾಖಲೆ, ಎಂಎಕ್ಸ್, ಅದನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಮಾಲೀಕರ ಮೇಲ್ ಹೆಸರಿನದೇ ಯೂಸರ್ ನಮ್ಮ ಸರ್ವರ್‌ನಲ್ಲೂ ಇದ್ದನಲ್ಲ, ಹಾಗಾಗಿ ಬೌನ್ಸ್ ಆಗಿ ವಾಪಸ್ ಕೂಡ ಬರದೆ ರಸೀದಿಗಳೆಲ್ಲ ಒಂದು ಫೈಲ್‌ನಲ್ಲಿ ತಣ್ಣಗೆ ಕೂತಿದ್ದವು. ಬರೀ ಕಳಿಸುವ ಸರ್ವರ್ ಆಗಿದ್ದರೆ ಆ ಸಾಲಿನಿಂದ ಡೊಮೈನ್ ತೆಗೆದುಬಿಡಿ.

ಇನ್ನೊಂದು. ಗೂಗಲ್ ಕ್ಲೌಡ್, ಅಮೆಜಾನ್ ಇಸಿ2 ಥರದ ಕಡೆ ಹೊರಹೋಗುವ 25 ಮೊದಲಿನಿಂದಲೇ ಮುಚ್ಚಿರುತ್ತದೆ, ಆಗ 587ನೇ ಪೋರ್ಟ್‌ನಲ್ಲಿ ಒಂದು ರಿಲೇ, ಅಂದರೆ ನಿಮ್ಮ ಪರವಾಗಿ ಮೇಲ್ ಮುಂದೆ ಕಳಿಸುವ ಸರ್ವರ್, ಹಿಡಿಯಬೇಕು. ಮುಚ್ಚಿದ್ದರೂ ಪೋಸ್ಟ್‌ಫಿಕ್ಸ್ ಗಲಾಟೆ ಮಾಡುವುದಿಲ್ಲ, ಸುಮ್ನೆ 5 ದಿನ ಬಾಗಿಲು ತಟ್ಟುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ತಂದವರು ತೆರೆಯಿರಿ, ಮೇಲ್‌ಕ್ಯೂ ಅಂತ ಹೊಡೆಯಿರಿ. ಹೋಗದೆ ಕಾಯುತ್ತಿರುವ ಮೇಲ್‌ಗಳ ಪಟ್ಟಿ ಉದ್ದ ಬಂದವರು ಮುಂದಿನ ಸಾಲಿಗೆ ಬನ್ನಿ.