ಜೋಸೆಫ್ ಕಾರ್ನೆಲ್‌ರ ಪೆಟ್ಟಿಗೆಗಳು: ಮಿಶ್ರ ಮಾಧ್ಯಮದ ಕೈಕೆಲಸ

ಎಲ್ಲರಿಗೂ ನಮಸ್ಕಾರ.

ಕಲಾಶಾಲೆಗೆ ಹೋಗದೆ ಕಲಾವಿದರಾದವರ ಬಗ್ಗೆ ಮಾತಾಡುವಾಗ ನಾವು ಅವರ ಕಲ್ಪನೆಯನ್ನು ಹೊಗಳಿ ಸುಮ್ಮನಾಗುತ್ತೇವೆ. ಅವರ ಕೈಕೆಲಸದ ಮಾತೇ ಬರುವುದಿಲ್ಲ. ಇವತ್ತು ಅಮೆರಿಕದ ಜೋಸೆಫ್ ಕಾರ್ನೆಲ್ ಅವರ ಕೈಕೆಲಸವನ್ನೇ ಮುಂದಿಟ್ಟುಕೊಳ್ಳೋಣ. ಮುಂದೆ ಗಾಜಿರುವ ಮರದ ಪೆಟ್ಟಿಗೆಯೊಳಗೆ ಹಳೇ ಚಿತ್ರ, ಸಣ್ಣಪುಟ್ಟ ಸಾಮಾನು ಜೋಡಿಸಿ ಅದನ್ನೇ ಕಲಾಕೃತಿ ಮಾಡಿದವರು ಅವರು. ಕಾಗದ, ಮರ, ಗಾಜು, ಗುಜರಿ ಸಾಮಾನು ಸೇರಿಸಿ ಕೆಲಸ ಮಾಡುವ ಯಾರಿಗಾದರೂ ಅದರಿಂದ ನೇರ ಉಪಯೋಗವಿದೆ.

ಅವರು ಹುಟ್ಟಿದ್ದು 1903ರಲ್ಲಿ, ನ್ಯೂಯಾರ್ಕ್ ರಾಜ್ಯದ ನಯಾಕ್‌ನಲ್ಲಿ. 1917ರಲ್ಲಿ ತಂದೆ ತೀರಿಕೊಂಡರು. ಕಾರ್ನೆಲ್ ಹತ್ತು ವರ್ಷ ಬಟ್ಟೆ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಮಾಡಿದರು. ಮನೆಯಲ್ಲಿ ತಾಯಿ, ಜೊತೆಗೆ ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ತೊಂದರೆಯಿಂದ ನಡೆಯಲಾಗದ ತಮ್ಮ ರಾಬರ್ಟ್. 1929ರಿಂದ ಸಾಯುವವರೆಗೂ, ಅಂದರೆ 1972ರವರೆಗೂ, ಕ್ವೀನ್ಸ್‌ನ ಯುಟೋಪಿಯಾ ಪಾರ್ಕ್‌ವೇಯ ಒಂದೇ ಮನೆಯಲ್ಲಿದ್ದರು. ಚಿತ್ರ ಬರೆಯುವುದನ್ನಾಗಲಿ ಶಿಲ್ಪವನ್ನಾಗಲಿ ಕಲಿತವರಲ್ಲ. 1931ರಲ್ಲಿ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್‌ರ ಕೊಲಾಜ್, ಅಂದರೆ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ ಮಾಡಿದ ಕೃತಿ, ಕಂಡು ತಾವೂ ಕತ್ತರಿ ಹಿಡಿದರು. ಮರುವರ್ಷವೇ ಅದೇ ಗ್ಯಾಲರಿಯಲ್ಲಿ ಅವರ ಕೊಲಾಜ್‌ಗಳು ಪ್ರದರ್ಶನಗೊಂಡವು. ಮರಗೆಲಸವನ್ನು ಮಾತ್ರ ನೆರೆಯವರೊಬ್ಬರ ಸಹಾಯದಿಂದ ಕಲಿತರು. ಸ್ವಂತವಾಗಿ ಕಲಿತವರೆಂದರೆ ಯಾರನ್ನೂ ಕೇಳದವರು ಎಂದು ತಿಳಿಯುವುದು ತಪ್ಪು. ತಮಗೆ ಏನು ಬೇಕು ಎಂಬುದು ಗೊತ್ತಿದ್ದರಿಂದ ಅಷ್ಟನ್ನು ಹುಡುಕಿಕೊಂಡು ಹೋಗಿ ಕೇಳಿದರು.

ಮ್ಯಾನ್‌ಹಟನ್‌ನ ಫೋರ್ತ್ ಅವೆನ್ಯೂ ಹಳೇ ಪುಸ್ತಕದಂಗಡಿಗಳಲ್ಲಿ, ಅಗ್ಗದ ಸಾಮಾನಿನ ಅಂಗಡಿಗಳಲ್ಲಿ ಅವರು ಆಯ್ದು ತಂದದ್ದೆಲ್ಲ ನೆಲಮಾಳಿಗೆಯ ಕಾರ್ಯಾಗಾರ ಸೇರುತ್ತಿತ್ತು: ಮಣ್ಣಿನ ಚಿಲುಮೆ, ಚಿಪ್ಪು, ಬೆಂಡಿನ ಚೆಂಡು, ನಕ್ಷೆ, ಹಕ್ಕಿಯ ಚಿತ್ರ. ಒಂದೊಂದು ಬಗೆಗೆ ಹೆಸರು ಬರೆದ ಒಂದೊಂದು ಡಬ್ಬಿ. ಒಂದು ವಿಷಯಕ್ಕೆ ಸಂಬಂಧಿಸಿದ ಕಾಗದಗಳಿಗೆಲ್ಲ ಪ್ರತ್ಯೇಕ ಕಡತ. ನನ್ನ ಪ್ರಕಾರ ಅವರ ಕಲೆಯ ಅರ್ಧಭಾಗ ಈ ವಿಂಗಡಣೆಯಲ್ಲೇ ಮುಗಿಯುತ್ತಿತ್ತು. ಮೂಲ ಚಿತ್ರವನ್ನು ಹಾಗೇ ಉಳಿಸಿಕೊಂಡು ಅದರ ಫೋಟೋಸ್ಟಾಟ್ ಪ್ರತಿ ಅಂಟಿಸುತ್ತಿದ್ದುದರಿಂದ ಒಂದೇ ಮುಖ ಹಲವು ಪೆಟ್ಟಿಗೆಗಳಲ್ಲಿ ಬರಲು ಸಾಧ್ಯವಾಯಿತು. ಇಟಲಿಯ ಹಳೇ ವರ್ಣಚಿತ್ರಗಳಲ್ಲಿನ ಮಕ್ಕಳ ಮುಖಗಳಿರುವ, 1942ರಲ್ಲಿ ಶುರುವಾದ ‘ಮೆದಿಚಿ’ ಪೆಟ್ಟಿಗೆಗಳ ಸಾಲು ಹುಟ್ಟಿದ್ದು ಹೀಗೆ. ನೀವೂ ಪ್ರತಿಯನ್ನೇ ಬಳಸಿ. ಆದರೆ ಲೇಸರ್ ಪ್ರಿಂಟ್ ಇರಲಿ. ಸಾಮಾನ್ಯ ಇಂಕ್‌ಜೆಟ್ ಶಾಯಿ ಅಂಟಿನ ನೀರು ತಗಲಿದ ಕೂಡಲೇ ಹರಡುತ್ತದೆ, ಬೆಳಕಿಗೆ ಮಾಸುತ್ತದೆ. ಸುದ್ದಿಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುವುದರಿಂದ ಅದು ಹಳದಿಯಾಗಿ ಪುಡಿಯಾಗುತ್ತದೆ. ಮೇಲೆ ವಾರ್ನಿಷ್ ಬಳಿದರೂ ಹಳದಿಯಾಗುವುದು ನಿಲ್ಲುವುದಿಲ್ಲ.

ಈಗ ಪೆಟ್ಟಿಗೆ. ಮೊದಲ ಬಾರಿ ಮಾಡುವವರಿಗೆ ಒಳಅಳತೆ 30 × 22 ಸೆಂ.ಮೀ., ಆಳ 9 ಸೆಂ.ಮೀ. ಸಾಕು. 12 ಮಿ.ಮೀ. ದಪ್ಪದ, ಚೆನ್ನಾಗಿ ಒಣಗಿದ ಪಟ್ಟಿ ತೆಗೆದುಕೊಳ್ಳಿ. ಮೂಲೆಗಳನ್ನು 45 ಡಿಗ್ರಿಗೆ ಕೊಯ್ಯಬೇಕು. ಕೊಯ್ತದಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಮೂಲೆಯಲ್ಲಿ ಎರಡು ಡಿಗ್ರಿ, ನಾಲ್ಕೂ ಮೂಲೆ ಸೇರಿ ಎಂಟು ಡಿಗ್ರಿ ವ್ಯತ್ಯಾಸ. ಕೊನೆಯ ಮೂಲೆ ಕೂಡುವುದೇ ಇಲ್ಲ. ಕೊಯ್ದ ತುದಿ ಅಂಟನ್ನು ಹೀರಿಕೊಳ್ಳುವುದರಿಂದ ಮೊದಲು ತೆಳುವಾಗಿ ಒಮ್ಮೆ ಬಳಿದು, ಕೆಲವು ನಿಮಿಷ ಬಿಟ್ಟು, ಎರಡನೇ ಸಲ ಬಳಿದು ಬಿಗಿಯಿರಿ. ಒಂದೇ ಸಲ ಬಳಿದ ಮೂಲೆ ಅಂಟು ಸಾಲದೆ ಬಿಟ್ಟುಕೊಳ್ಳುತ್ತದೆ. ಬಿಗಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮವಿಲ್ಲದಿದ್ದರೆ ಅಂಟು ಹಸಿಯಿರುವಾಗಲೇ ಸರಿಪಡಿಸಿ. ಮುಂಬದಿಗೆ 2 ಮಿ.ಮೀ. ಗಾಜು. ಹಿಂಬದಿಗೆ 6 ಮಿ.ಮೀ. ಪ್ಲೈವುಡ್, ಅದನ್ನು ಅಂಟಿಸಬೇಡಿ, ಸ್ಕ್ರೂ ಹಾಕಿ. ಒಳಗೆ ಏನಾದರೂ ಕಳಚಿ ಬಿದ್ದರೆ ತೆರೆಯಲು ಬೇರೆ ದಾರಿ ಇರುವುದಿಲ್ಲ.

ಒಳಗೋಡೆಗೆ ಹಳೇ ಪುಸ್ತಕದ ಹಾಳೆ ಅಂಟಿಸುವುದು ಕಾರ್ನೆಲ್ ಅವರಿಗೆ ಇಷ್ಟವಾದ ಕ್ರಮ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನೀರು ಕುಡಿದ ಕಾಗದ ತನ್ನ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ಬಳಿದ ತಕ್ಷಣ ಅಂಟಿಸಿದರೆ ಆ ಹಿಗ್ಗುವಿಕೆ ಗೋಡೆಯ ಮೇಲೆ ನಡೆದು ಸುಕ್ಕು ಏಳುತ್ತದೆ. ಬಳಿದು ಎರಡು ಮೂರು ನಿಮಿಷ ಬಿಡಿ, ಹಿಗ್ಗುವುದು ಮುಗಿಯಲಿ, ಆಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತ ಕೂರಿಸಿ. ಒಣಗುವಾಗ ಕಾಗದ ಮತ್ತೆ ಕುಗ್ಗಿ ತೆಳು ಹಲಗೆಯನ್ನು ಬಾಗಿಸುತ್ತದೆ. ಅದಕ್ಕೆ ಹಲಗೆಯ ಹಿಂಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಬೇಕು. ಅಂಟಿಗೆ ಗೋಧಿ ಪಿಷ್ಟ ಒಂದು ಅಳತೆ, ನೀರು ಐದು ಅಳತೆ. ಸಣ್ಣ ಉರಿಯಲ್ಲಿ ಕೈಬಿಡದೆ ಅರ್ಧ ಗಂಟೆ ಕಲಕಿದರೆ ಅದು ಮಂದವಾಗಿ ಹೊಳಪು ಬರುತ್ತದೆ. ಆರಿಸಿ, ಸೋಸಿ, ಒಂದೆರಡು ದಿನದಲ್ಲಿ ಬಳಸಿಬಿಡಿ. ಈ ಅಂಟನ್ನು ನೀರು ಹಾಕಿ ಬಿಡಿಸಬಹುದು. ಫೆವಿಕಾಲ್ ಹಾಗಲ್ಲ, ಕಾಗದದಿಂದ ಬಿಡಿಸುವುದು ಬಲು ಕಷ್ಟ, ಅದನ್ನು ಮರಕ್ಕೆ ಇಟ್ಟುಕೊಳ್ಳಿ. ಪಿಷ್ಟಕ್ಕೆ ಸಿಲ್ವರ್‌ಫಿಶ್ ಹುಳ ಬರುತ್ತದೆ ಎಂಬುದೂ ನಿಜ, ಆದ್ದರಿಂದ ಸಂದುಗಳೆಲ್ಲ ಮುಚ್ಚಿರಲಿ.

ಅವರ ಪೆಟ್ಟಿಗೆಗಳ ಬಿಳಿ ಬಣ್ಣ ಬಿರುಕುಬಿಟ್ಟು ತೀರ ಹಳೆಯದಾಗಿ ಕಾಣುತ್ತದಲ್ಲ, ಅದು ತಾನಾಗಿ ಆದದ್ದಲ್ಲ. ಪದರದ ಮೇಲೆ ಪದರ ಬಣ್ಣ ಬಳಿದು, ಓವನ್‌ನಲ್ಲಿ ಕಾಯಿಸಿ, ಹೊರಗೆ ಬಿಸಿಲು ಮಳೆಗಿಟ್ಟು ತರಿಸಿದ್ದು. ನಿಮಗೆ ಬಿರುಕು ಬೇಕಿದ್ದರೆ ಪಿವಿಎ ಅಂಟು, ಅಂದರೆ ಫೆವಿಕಾಲ್ ಬಗೆಯದು, ಬಳಿದು, ಅದು ಬೆರಳಿಗೆ ಅಂಟುವ ಹದದಲ್ಲಿರುವಾಗ ಮೇಲೆ ಆಕ್ರಿಲಿಕ್ ಬಣ್ಣವನ್ನು ಒಂದೇ ಎಳೆತದಲ್ಲಿ ಹಚ್ಚಿ. ಮೇಲಿನ ಪದರ ಬೇಗ ಒಣಗಿ ಕೆಳಗಿನದರ ಮೇಲೆ ಸೀಳುತ್ತದೆ. ಬ್ರಷ್ ಎರಡನೇ ಸಲ ಆಡಿಸಿದರೆ ಬಿರುಕು ಮುಚ್ಚಿಹೋಗುತ್ತದೆ. ಬಿಸಿ ಕೊಡುವುದಾದರೆ ಜೋಡಿಸುವ ಮುನ್ನವೇ ಕೊಡಿ. ಶಾಖಕ್ಕೆ ಪಿವಿಎ ಮೆತ್ತಗಾಗಿ ಮೂಲೆ ಸಡಿಲವಾಗುತ್ತದೆ.

ಒಳಗೆ ಮರಳು ಸುರಿಯುವವರು ಅದನ್ನು ಸಿಹಿನೀರಿನಲ್ಲಿ ಹಲವು ಸಲ ತೊಳೆದು ಪೂರ್ತಿ ಒಣಗಿಸಿ. ಸಮುದ್ರದ ಮರಳಿನಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದು ಕಬ್ಬಿಣದ ಮೊಳೆಯನ್ನು ತುಕ್ಕು ಹಿಡಿಸುತ್ತದೆ, ತುಕ್ಕು ಕಾಗದಕ್ಕೆ ಇಳಿಯುತ್ತದೆ. ಹಿತ್ತಾಳೆಯ ಮೊಳೆಯೇ ಒಳ್ಳೆಯದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 65 ದಾಟಿ ತಿಂಗಳುಗಟ್ಟಲೆ ನಿಂತರೆ ಬೂಷ್ಟು ಖಂಡಿತ. ಪೆಟ್ಟಿಗೆಯನ್ನು ಹೊರಗೋಡೆಗೆ ತೂಗುಹಾಕಬೇಡಿ. ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ಎತ್ತರದ ವಿಷಯದಲ್ಲಿ ಕಾರ್ನೆಲ್ ಅವರ ನಿಲುವು ನನಗೆ ಬಹಳ ಹಿಡಿಸುತ್ತದೆ. 1972ರಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನಲ್ಲಿ ಮಕ್ಕಳಿಗಾಗಿಯೇ ನಡೆದ ಪ್ರದರ್ಶನದಲ್ಲಿ ಪೆಟ್ಟಿಗೆಗಳನ್ನು ಮಕ್ಕಳ ಕಣ್ಣಿನ ಮಟ್ಟಕ್ಕೇ ತೂಗುಹಾಕಿದ್ದರು.

ಇನ್ನು ಸಂಪಾದನೆ. ಮಾರಾಟದ ಕೆಲಸದ ನಂತರ ಕಾರ್ನೆಲ್ ಹಿಡಿದದ್ದು ಜವಳಿ ವಿನ್ಯಾಸ. 1940ನೇ ವರ್ಷದ ಕೊನೆಗೆ ಅದನ್ನೂ ಬಿಟ್ಟು, ವೋಗ್, ಹಾರ್ಪರ್ಸ್ ಬಜಾರ್‌ನಂಥ ಫ್ಯಾಷನ್ ಪತ್ರಿಕೆಗಳಿಗೆ ಬಿಡಿ ಕೆಲಸ ಮಾಡುತ್ತ ಬದುಕಿದರು. ಕಡತಗಳಲ್ಲಿ ಕೂಡಿಟ್ಟ ಚಿತ್ರಗಳು ಅಲ್ಲೂ ನೆರವಿಗೆ ಬಂದವು. ನಮ್ಮಲ್ಲಿ ಫ್ರೀಲಾನ್ಸ್ ಮಾಡುವವರು 1957ರ ಕೃತಿಸ್ವಾಮ್ಯ ಕಾಯ್ದೆಯ ಎರಡು ಮಾತು ತಿಳಿದಿರಬೇಕು. ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಕೆಲಸ ಶುರುಮಾಡುವ ಮುಂಚೆಯೇ ಎರಡೂ ಕಾಗದದಲ್ಲಿರಲಿ. ಬೇರೆಯವರ ಇತ್ತೀಚಿನ ಫೋಟೋ ಕತ್ತರಿಸಿ ಅಂಟಿಸಿದ ಕೊಲಾಜನ್ನು ಪತ್ರಿಕೆಗೆ ಕೊಡಬೇಡಿ.

ಮಾರಿದ ಪೆಟ್ಟಿಗೆಯ ಹಿಂಬದಿಗೆ ಒಂದು ಚೀಟಿ ಅಂಟಿಸಿ: ಯಾವ ಮರ, ಯಾವ ಅಂಟು, ಯಾವ ವರ್ಷ, ಯಾವ ಸ್ಕ್ರೂ ಬಿಚ್ಚಿದರೆ ತೆರೆಯುತ್ತದೆ. ಕಳುಹಿಸುವಾಗ ಗಾಜಿನ ಮೇಲೆ ಕಾಗದದ ಟೇಪನ್ನು ಅಡ್ಡಡ್ಡ, ಉದ್ದುದ್ದ ಹಾಕಿ. ಒಡೆದರೂ ಚೂರುಗಳು ಒಳಗಿನ ಕಾಗದ ಸೀಳುವುದಿಲ್ಲ. ಸುತ್ತ ಐದು ಸೆಂ.ಮೀ. ಫೋಮ್ ಇಟ್ಟು ಎರಡನೇ ಪೆಟ್ಟಿಗೆಯಲ್ಲಿ ಕೂರಿಸಿ, ಯಾವ ಬದಿ ಮೇಲಿರಬೇಕೆಂದು ನಾಲ್ಕೂ ಕಡೆ ಬರೆಯಿರಿ.